ರಕ್ಷಣಾ ಮಂತ್ರಿ

ನನ್ನ ರೂಮ್‌ಮೇಟಿಗೆ ನಮ್ಮ ಪಿ.ಜಿ. ಹುಡುಗರು ಇಟ್ಟಿರುವ ಹೆಸರು ರಕ್ಷಣಾ ಮಂತ್ರಿ. ಹಗಲು ಅವನು ಸಾಫ್ಟ್‌ವೇರ್ ಟೆಸ್ಟರ್. ರಾತ್ರಿ ಊಟದ ತಟ್ಟೆ ತೊಳೆದಿಟ್ಟವನೇ ಲ್ಯಾಪ್‌ಟಾಪ್ ತೊಡೆಗೇರಿಸಿ ಪೋಕೆಮಾನ್ ಶೋಡೌನ್ ತೆರೆಯುತ್ತಾನೆ. ನಿಂಟೆಂಡೊ ಯಂತ್ರ ಕೊಳ್ಳಲು ದುಡ್ಡಿಲ್ಲದವರ ಕುರುಕ್ಷೇತ್ರ ಅದು. ಬ್ರೌಸರಿನಲ್ಲೇ ಪುಕ್ಕಟೆ ಆಡಬಹುದು. ಜಪಾನಿನಲ್ಲಿ 1996ರಲ್ಲಿ ಗೇಮ್‌ಬಾಯ್‌ನ ಅಂಗೈಯಗಲದ ಪರದೆಯ ಮೇಲೆ ಶುರುವಾದ ಈ ವಿಚಿತ್ರ ಪ್ರಾಣಿಗಳ ಕಾಳಗವನ್ನು ಲೋಕವೆಲ್ಲ ಎದುರಾಳಿಯನ್ನು ಕೆಡವಲು ಆಡುತ್ತದೆ. ನಮ್ಮ ಮಂತ್ರಿ ಪೆಟ್ಟು ತಪ್ಪಿಸಿಕೊಳ್ಳಲು ಆಡುತ್ತಾನೆ.

ಇದು ಹುಟ್ಟುಗುಣ. ಚಿಪ್ಸ್ ಪೊಟ್ಟಣದಲ್ಲಿ ಪೋಕೆಮಾನ್ ಟಾಜೋ ಬರುತ್ತಿದ್ದ ಕಾಲದಲ್ಲಿ ಓಣಿಯ ಹುಡುಗರೆಲ್ಲ ಅದನ್ನು ನೆಲಕ್ಕೆ ಬಡಿದು ಗೆಲ್ಲುವ ಆಟ ಆಡುತ್ತಿದ್ದರೆ ಇವನು ತನ್ನವನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿಟ್ಟಿದ್ದನಂತೆ. ಆಡಲಿಲ್ಲ, ಆದ್ದರಿಂದ ಒಂದನ್ನೂ ಕಳೆದುಕೊಳ್ಳಲಿಲ್ಲ. ಈಗಲೂ ಅವನ ಫೋನಿನ ಸ್ಕ್ರೀನ್‌ಗಾರ್ಡಿನ ಮೇಲೆ ಇನ್ನೊಂದು ಸ್ಕ್ರೀನ್‌ಗಾರ್ಡ್ ಇದೆ. ಕ್ರಿಕೆಟ್ ಮಾತು ಬಂದರೆ ದ್ರಾವಿಡ್ ಬಿಟ್ಟು ಬೇರೆ ದೇವರಿಲ್ಲ. ಅದರಲ್ಲೂ ನಾವೆಲ್ಲ ಅಡಿಲೇಡಿನ 233 ನೆನೆದು ಪುಳಕಗೊಂಡರೆ ಇವನು 2007ರ ಓವಲ್ ಟೆಸ್ಟನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ: 96 ಎಸೆತ, 12 ರನ್. ‘ಅದು ಕಣೋ ಇನ್ನಿಂಗ್ಸ್ ಅಂದ್ರೆ!’

ಇಂಥವನ ಕಣ್ಣಿಗೆ ವೈಡ್ ಗಾರ್ಡ್ ಎಂಬ ವರಸೆ ಬಿದ್ದದ್ದು ಹೆಣ್ಣು ಗಂಡು ಇಬ್ಬರ ಜಾತಕವೂ ಕೂಡಿಬಂದ ಹಾಗೆ. ಜೋಡಿ ಕಾಳಗದಲ್ಲಿ ಒಂದೊಂದು ಕಡೆಯಿಂದ ಎರಡೆರಡು ಪೋಕೆಮಾನ್ ಕಣಕ್ಕಿಳಿಯುತ್ತವೆ. ಪ್ರತಿಯೊಂದಕ್ಕೂ ನಾಲ್ಕೇ ವರಸೆ. ಆ ನಾಲ್ಕರಲ್ಲಿ ಒಂದು ಪ್ರೊಟೆಕ್ಟ್ ಇರಲೇಬೇಕು ಎಂಬುದು ಬಲ್ಲವರ ಸಂಪ್ರದಾಯ. ಮಂತ್ರಿಗೆ ಪ್ರೊಟೆಕ್ಟ್ ಕಂಡರೆ ತಾತ್ಸಾರ. ಮೊದಲನೆಯದಾಗಿ ಅದು ಎಲ್ಲರಿಗೂ ಗೊತ್ತು. ಎರಡನೆಯದಾಗಿ ಅದು ಸ್ವಾರ್ಥಿ, ಹಾಕಿದವನನ್ನು ಮಾತ್ರ ಕಾಯುತ್ತದೆ. ಮೇಲಾಗಿ ಬೆನ್ನುಬೆನ್ನಿಗೆ ಎರಡನೇ ಸಲ ಹಾಕಿದರೆ ನಿಲ್ಲುವ ಸಾಧ್ಯತೆ ಮೂರರಲ್ಲಿ ಒಂದು. ವೈಡ್ ಗಾರ್ಡ್ ಹಾಗಲ್ಲ. ಭೂಕಂಪ, ಬಿಸಿಗಾಳಿ, ಬಂಡೆಗಳ ಮಳೆ, ಹೀಗೆ ಇಬ್ಬರಿಗೂ ಒಟ್ಟಿಗೆ ಬಡಿಯುವ ಯಾವ ಏಟು ಬಂದರೂ ಪಕ್ಕದವನನ್ನೂ ಸೇರಿಸಿ ಕಾಯುತ್ತದೆ. ಒಬ್ಬನನ್ನೇ ಗುರಿಯಿಟ್ಟು ಹೊಡೆದರೆ ಮಾತ್ರ ಅದು ಏನೂ ಮಾಡಲಾರದು. ಈ ಕೊನೆಯ ವಾಕ್ಯವನ್ನು ಮಂತ್ರಿ ತನ್ನ ಪ್ರಚಾರ ಭಾಷಣಗಳಲ್ಲಿ ಕೊಂಚ ಮೆಲ್ಲಗೆ ಹೇಳುತ್ತಾನೆ.

‘2010ರಲ್ಲಿ ಬಂತು ಮಗಾ, ಬ್ಲ್ಯಾಕ್ ಅಂಡ್ ವೈಟ್ ಗೇಮ್‌ನಲ್ಲಿ. ಆಗ ಇದೂ ಸತತವಾಗಿ ಹಾಕಿದ್ರೆ ಕೈಕೊಡ್ತಿತ್ತು. 2013ರಲ್ಲಿ ಎಕ್ಸ್ ಅಂಡ್ ವೈ ಬಂದಾಗ ತಿದ್ದುಪಡಿ ಆಯ್ತು. ಈಗ ಎಷ್ಟು ಸಲ ಬೇಕಾದ್ರೂ ಹಾಕು!’ ಸಂವಿಧಾನದ ವಿಧಿಗಳನ್ನು ಉದುರಿಸುವ ವಕೀಲರೂ ಇಷ್ಟು ಠೀವಿಯಿಂದ ಇಸವಿ ಹೇಳಲಾರರು.

ಆಫೀಸಿಗೂ ಈ ಶಾಸ್ತ್ರ ಹೋಗಿದೆ. ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರನ್ನೂ ಕೂಡಿಸಿ ಬೈದರೆ ಅದು ಸ್ಪ್ರೆಡ್ ಮೂವ್, ತಲೆ ಕೆಡಿಸಿಕೊಳ್ಳಬೇಕಿಲ್ಲ. ಜೋಡಿ ಕಾಳಗದ ನಿಯಮದಂತೆ ಹಂಚಿದ ಏಟಿಗೆ ಬಲ 75% ಮಾತ್ರ. ಕ್ಯಾಬಿನ್ನಿಗೆ ಕರೆದು ಬೈದರೆ ಸಿಂಗಲ್ ಟಾರ್ಗೆಟ್, ಪೂರ್ತಿ ನೂರು. ಹಾಗಾಗಿ ಅವನು ಏನೇ ತಪ್ಪು ಮಾಡಿದರೂ ಇಡೀ ಟೀಮಿಗೆ ಕಾಪಿ ಹಾಕಿ ಮೇಲ್ ಕಳಿಸುತ್ತಾನೆ.

ಹಾಸನದಿಂದ ಬಂದ ಹೊಸ ಹುಡುಗನ ಜೊತೆ ಅವನಾಡಿದ ಪಂದ್ಯವನ್ನು ನಾನು ಮಂಚದ ಮೇಲೆ ಕೂತು ನೋಡಿದ್ದೇನೆ. ಹುಡುಗ ಇಳಿಸಿದ್ದು ಚಾರಿಜಾರ್ಡ್ ಮತ್ತು ಗಾರ್‌ಚಾಂಪ್. ಗಾರ್‌ಚಾಂಪ್ ಭೂಕಂಪ ಎಬ್ಬಿಸಿದರೆ ಹಾರುವ ಚಾರಿಜಾರ್ಡಿಗೆ ತಾಗುವುದಿಲ್ಲ, ಲೆಕ್ಕಾಚಾರ ಚೊಕ್ಕವಾಗಿತ್ತು. ಮಂತ್ರಿ ಇಳಿಸಿದ್ದು ಕತ್ತಿಗುರಾಣಿಯ ಏಜಿಸ್‌ಲ್ಯಾಶ್, ಪಕ್ಕಕ್ಕೆ ಬೆಂಕಿ ಎಂದರೆ ನಾಲ್ಕು ಪಟ್ಟು ಬೇಯುವ ಮುಳ್ಳುಗಡ್ಡೆ ಫೆರೊಥಾರ್ನ್. ಬಾಗಿಲಲ್ಲಿ ನಿಂತಿದ್ದವರು ‘ಅಯ್ಯೋ ಪಾಪ’ ಅಂದರು.

ಮೊದಲ ಸುತ್ತು: ಬಿಸಿಗಾಳಿ ಬೀಸಿತು, ನೆಲ ನಡುಗಿತು. ವೈಡ್ ಗಾರ್ಡ್. ಯಾರಿಗೂ ಕೂದಲು ಕೊಂಕಲಿಲ್ಲ. ಅದೇ ಸುತ್ತಿನಲ್ಲಿ ಫೆರೊಥಾರ್ನ್ ಚಾರಿಜಾರ್ಡಿನ ಮೇಲೆ ರಕ್ತ ಹೀರುವ ಬೀಜ ನೆಟ್ಟಿತು, ಸುತ್ತಿಗೆ ಎಂಟನೇ ಒಂದು ಪಾಲು ಪ್ರಾಣ. ಎರಡನೇ ಸುತ್ತು, ಅದೇ ಗಾಳಿ, ಅದೇ ಕಂಪನ, ಅದೇ ವೈಡ್ ಗಾರ್ಡ್. ಬೀಜ ಈ ಸಲ ಗಾರ್‌ಚಾಂಪಿಗೆ. ಮೂರನೇ ಸುತ್ತಿಗೆ ಹುಡುಗನ ಕಿವಿ ಕೆಂಪಾಗಿತ್ತು. ‘ಗುರುವೇ, ಆಡೋದಾದ್ರೆ ಆಡು!’ ಮಂತ್ರಿ ಉತ್ತರಿಸಲಿಲ್ಲ. ಬಾಯಿಗೆ ಒಂದು ಹಿಡಿ ಮಂಡಕ್ಕಿ ಹಾಕಿಕೊಂಡ. ಮದುವೆಮನೆಯಲ್ಲಿ ಪಾಯಸ ಎರಡನೇ ಸಲ ಬಂದಾಗಲೂ ಅವನ ಮುಖದಲ್ಲಿ ಅಷ್ಟು ಸುಖ ನಾನು ಕಂಡಿಲ್ಲ.

ನಾಲ್ಕನೇ ಸುತ್ತಿನಲ್ಲಿ ಹುಡುಗನಿಗೆ ಬುದ್ಧಿ ಬಂತು. ಓವರ್‌ಹೀಟ್, ನೇರ ಫೆರೊಥಾರ್ನ್ ಮೇಲೆ. ವೈಡ್ ಗಾರ್ಡ್ ಬಾಗಿಲು ಕಾಯುತ್ತಲೇ ಇತ್ತು, ಬೆಂಕಿ ಕಿಟಕಿಯಿಂದ ಬಂತು. ಆಮೇಲಿನದನ್ನು ವಿವರಿಸುವುದು ಬೇಡ. ಪಂದ್ಯ ಮುಗಿದಾಗ ಮಂತ್ರಿ ಲ್ಯಾಪ್‌ಟಾಪ್ ಮುಚ್ಚಿ ನಮ್ಮೆಲ್ಲರತ್ತ ತಿರುಗಿದ. ‘ಸೋತೆ, ಒಪ್ತೀನಿ. ಆದ್ರೆ ಅವನ ಹೀಟ್ ವೇವ್ ಒಂದಾದ್ರೂ ತಾಗ್ತಾ? ಹೇಳಿ ನೀವೇ.’

ಸೋತ ರಾತ್ರಿಗಳಲ್ಲಿ ಪಾಚಿರಿಸು ಪುರಾಣ ತಪ್ಪದೆ ಆಗುತ್ತದೆ. 2014ರ ವಿಶ್ವ ಚಾಂಪಿಯನ್‌ಶಿಪ್, ವಾಷಿಂಗ್ಟನ್. ಕೊರಿಯಾದ ಸೆಜುನ್ ಪಾರ್ಕ್ ಎಂಬ ಆಟಗಾರ, ಯಾರೂ ಲೆಕ್ಕಕ್ಕಿಡದ ಪಾಚಿರಿಸು ಎಂಬ ಬಿಳಿ ಅಳಿಲೊಂದನ್ನು ತಂಡಕ್ಕೆ ಸೇರಿಸಿದ. ಅದರ ಕೆಲಸ ‘ಫಾಲೋ ಮಿ’, ಅಂದರೆ ಎದುರಾಳಿ ಒಬ್ಬನನ್ನೇ ಗುರಿಯಿಟ್ಟು ಹೊಡೆದ ಏಟುಗಳನ್ನು ತನ್ನ ಮೈಮೇಲೆ ಎಳೆದುಕೊಂಡು ಜೊತೆಗಾರನನ್ನು ಉಳಿಸುವುದು. ಪಾರ್ಕ್ ವಿಶ್ವ ಚಾಂಪಿಯನ್ ಆದ. ಇಷ್ಟು ದಿಟ. ಮಂತ್ರಿಯ ಬಾಯಲ್ಲಿ ಮಾತ್ರ ಪ್ರತಿಸಲವೂ ಅಳಿಲು ಇನ್ನಷ್ಟು ಚಿಕ್ಕದಾಗುತ್ತದೆ, ಎದುರಾಳಿಯ ಡ್ರ್ಯಾಗನ್ ಇನ್ನಷ್ಟು ದೊಡ್ಡದಾಗುತ್ತದೆ. ಪಾರ್ಕ್ ಆ ಅಳಿಲಿನ ಜೊತೆಗೆ ಗಾರ್‌ಚಾಂಪ್, ಗ್ಯಾರಡೋಸ್‌ನಂಥ ಹೊಡೆಯುವ ಪೈಲ್ವಾನರನ್ನೂ ಇಟ್ಟುಕೊಂಡಿದ್ದ ಎಂದು ಯಾರಾದರೂ ನೆನಪಿಸಿದರೆ ಮಂತ್ರಿಗೆ ಆಕಳಿಕೆ ಬರುತ್ತದೆ.

ನಾನು ಇವನನ್ನು ಬಹಳ ದಿನ ಹೆದರುಪುಕ್ಕಲ ಎಂದೇ ಎಣಿಸಿದ್ದೆ. ಕಳೆದ ತಿಂಗಳು ಆ ಹಾಸನದ ಹುಡುಗ ತಾನೂ ವೈಡ್ ಗಾರ್ಡ್ ಕಲಿಸಿದ ಪೆಲಿಪ್ಪರ್ ಹಕ್ಕಿಯನ್ನು ತಂದು ಒಂದೇ ಸಂಜೆ ಮೂವರನ್ನು ಸೋಲಿಸಿದ. ಪಿ.ಜಿ.ಗೆ ಪಿ.ಜಿ.ಯೇ ವೈಡ್ ಗಾರ್ಡ್ ಹಿಂದೆ ಬಿತ್ತು. ಮಂತ್ರಿ ಹಿಗ್ಗಬೇಕಿತ್ತಲ್ಲವೆ? ಕೂಸು ಕಳೆದುಕೊಂಡವನಂತೆ ಎರಡು ದಿನ ಅನ್ನ ಬಿಟ್ಟ. ‘ಥೂ, ಈಗ ಎಲ್ಲಾ ಹಾಕ್ತಾರೆ.’ ರಕ್ಷಣೆಗಿಂತ, ಇನ್ಯಾರೂ ಕಾಣದ್ದನ್ನು ತಾನೊಬ್ಬ ಕಂಡೆ ಎಂಬ ಗತ್ತೇ ಅವನ ಹೊಟ್ಟೆಗೆ ಹಿಟ್ಟು ಎಂದು ನನಗೆ ಆಗ ಹೊಳೆಯಿತು.

ಮೂರನೇ ದಿನಕ್ಕೆ ಹೊಸ ಮತ ಹಿಡಿದು ಎದ್ದ: ಆಲಿ ಸ್ವಿಚ್. ಏಟು ಬೀಳುವ ಮುನ್ನವೇ ಜೊತೆಗಾರರಿಬ್ಬರೂ ಜಾಗ ಬದಲಿಸಿಕೊಂಡುಬಿಡುವುದು. ಹೊಡೆತ ಆ ಜಾಗದಲ್ಲಿ ಈಗ ಯಾರಿದ್ದಾರೋ ಅವರಿಗೆ. ‘ಯಾರೂ ಬಳಸಲ್ಲ ಮಗಾ, ಹುಚ್ಚರು’ ಎಂದು ಅವನು ಕಾಗದದ ಮೇಲೆ ಬಾಣ ಎಳೆದು ವಿವರಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

‘ಲೋ, ನಿನ್ನ ಕೊರಿಯರ್ ಇರ್ಬೇಕು, ತೆಗಿ’ ಅಂದ.

ತೆಗೆದೆ. ಪಿ.ಜಿ. ಆಂಟಿ, ಕೈಯಲ್ಲಿ ಬಾಡಿಗೆ ಪುಸ್ತಕ. ‘ಏನಪ್ಪಾ, ಈ ರೂಮಿಂದು ಒಬ್ಬರದು ಬಾಕಿ ಇದೆಯಲ್ಲ?’ ನನ್ನದು ಒಂದನೇ ತಾರೀಕಿಗೇ ಕಟ್ಟಿಯಾಗಿತ್ತು. ಹಿಂತಿರುಗಿ ನೋಡಿದರೆ ಮಂಚ ಖಾಲಿ. ಬಾತ್‌ರೂಮಿನ ಒಳಗಿಂದ, ನಲ್ಲಿ ಸದ್ದಿನ ನಡುವೆ ಅವನ ದನಿ:

‘ಆಂಟೀ, ಸದ್ಯಕ್ಕೆ ಅವನ ಹತ್ರ ಇಸ್ಕೊಳ್ಳಿ, ನಾನು ಅವನಿಗೆ ಕೊಡ್ತೀನಿ!’