ನಾಲ್ಕೂವರೆ ಮನೆಯ ಗೋಡೆ

ಸಂಜೆ ಆರು ಗಂಟೆ ಆಯಿತೆಂದರೆ ಪಕ್ಕದ ಮನೆ ಹುಡುಗ ಕೀಬೋರ್ಡ್ ಹೊತ್ತುಕೊಂಡು ಜಗಲಿಗೆ ಬರ್ತಾನೆ. ಒಳಗೆ ಅವರಮ್ಮನ ಧಾರಾವಾಹಿ ಶುರುವಾಗಿರುತ್ತಲ್ಲ, ಇವನಿಗೆ ಅಲ್ಲಿ ಜಾಗ ಇಲ್ಲ. ನಾನೂ ಮಲ್ಲಿಗೆ ಮೊಗ್ಗು ಕೀಳೋ ನೆಪ ಮಾಡಿಕೊಂಡು ಕಾಂಪೌಂಡ್ ಹತ್ತಿರ ನಿಲ್ತೀನಿ. ಮೊಗ್ಗು ಹತ್ತು ನಿಮಿಷಕ್ಕೇ ಮುಗಿಯುತ್ತೆ, ನಾನು ಮುಗಿಯೋದಿಲ್ಲ.

"ಆಂಟಿ, ಇದು ಲೇಯರು. ಒಂದು ಕೀ ಒತ್ತಿದ್ರೆ ಎರಡು ಸೌಂಡು. ಇದು ಸ್ಪ್ಲಿಟ್ಟು. ಎಡಗಡೆ ಒಂದು ಸೌಂಡು, ಬಲಗಡೆ ಇನ್ನೊಂದು" ಅಂತ ಮೊದಲ ದಿನ ತೋರಿಸಿದಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದ ಹಾಗೆ ಮಾಡಿದೆ. ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚಬಾರದು, ಅಲ್ವಾ? ಆದರೆ ಈ ಲೇಯರು ನಮ್ಮ ಅಟ್ಟದ ಮೇಲೆ ಹಳೇ ಸೀರೆ ಸುತ್ತಿಕೊಂಡು ಮಲಗಿದೆ ಅಂತ ಅವನಿಗೇನು ಗೊತ್ತು.

ನಮ್ಮ ಸೋದರಮಾವ ನಾಟಕದ ಕಂಪನಿಗಳಿಗೆ ಹಾರ್ಮೋನಿಯಂ ನುಡಿಸ್ತಿದ್ದ. ಕಾಲಲ್ಲಿ ತುಳಿಯೋ ದೊಡ್ಡ ಪೆಟ್ಟಿಗೆ ಕಂಪನಿಯದು. ಮನೆಯಲ್ಲಿದ್ದದ್ದು ಕೈಪೆಟ್ಟಿಗೆ, ಎರಡು ಸಾಲು ರೀಡಿನದು, ಬಾಸ್-ಮೇಲ್ ಅಂತಾರಲ್ಲ ಅದು. ಮುಂದಿನ ಗುಂಡಿ ಎಳೆದರೆ ದಪ್ಪ ದನಿಯ ಸಾಲಿಗೂ ಗಾಳಿ ಹೋಗಿ, ಒಂದೇ ಬೆರಳಿಗೆ ಅಪ್ಪ-ಮಗ ಇಬ್ಬರೂ ಒಟ್ಟಿಗೆ ಹಾಡಿದ ಹಾಗೆ ಕೇಳಿಸೋದು. ಅದರ ಮೇಲೆ ಒಂದು ಕಪ್ಲರ್ ಬೇರೆ. ಅದನ್ನು ಹಾಕಿಕೊಂಡು ಒಂದು ಪಟ್ಟಿ ಒತ್ತಿದರೆ ಕೆಳಸ್ಥಾಯಿಯ ಅದೇ ಸ್ವರದ ಪಟ್ಟಿ ಯಾರೂ ಮುಟ್ಟದೆ ತಾನಾಗೇ ಕುಸೀತಿತ್ತು. ನಾನು ಐದಾರು ವರ್ಷದವಳು. ಮಾವನ ಪಕ್ಕ ಕಾಣದೇ ಇರೋ ಇನ್ನೊಬ್ಬರು ಕೂತು ನುಡಿಸ್ತಿದ್ದಾರೆ ಅಂತ ಖಾತ್ರಿಯಾಗಿತ್ತು. ಸಾಲದ್ದಕ್ಕೆ ಮಾವ, "ಅದು ಸತ್ತುಹೋದ ನಮ್ಮ ಮೇಷ್ಟ್ರು ಕಣೇ, ನಾನು ತಪ್ಪು ಮಾಡದೇ ಇರಲಿ ಅಂತ ಜೊತೆಗೆ ಒತ್ತುತ್ತಾರೆ" ಅಂದುಬಿಟ್ಟ. ಎರಡು ವರ್ಷ ಆ ಪೆಟ್ಟಿಗೆ ಇದ್ದ ಕೋಣೆಗೆ ನಾನು ಒಬ್ಬಳೇ ಹೋಗಲಿಲ್ಲ.

ಅದಿರಲಿ. ಲೇಯರಿಗೂ ಸ್ಪ್ಲಿಟ್ಟಿಗೂ ವ್ಯತ್ಯಾಸ ಏನು ಅಂತ ಅವರಮ್ಮ ಒಂದಿನ ನನ್ನನ್ನೇ ಕೇಳಿದಳು. ನಾನು ಹೋಟೆಲ್ ಲೆಕ್ಕದಲ್ಲಿ ಹೇಳಿದೆ. ಲೇಯರ್ ಅಂದರೆ ಬಿಸಿಬೇಳೆ ಬಾತ್, ಬೇಳೆ ಯಾವುದು ಅಕ್ಕಿ ಯಾವುದು ಅಂತ ಬಿಡಿಸೋಕಾಗಲ್ಲ. ಸ್ಪ್ಲಿಟ್ ಅಂದರೆ ಚೌಚೌ ಬಾತ್, ತಟ್ಟೆ ಒಂದೇ, ಖಾರಾಬಾತ್ ಒಂದು ಕಡೆ, ಕೇಸರಿಬಾತ್ ಇನ್ನೊಂದು ಕಡೆ. "ಹಂಗಾದ್ರೆ ಮಧ್ಯ ಅವೆರಡೂ ತಾಗೋ ಕಡೆ?" ಅಂದಳು. ಪ್ರಶ್ನೆ ಚೆನ್ನಾಗಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಲೇಯರು ಅಂದಾಗೆಲ್ಲ ನನಗೆ 1954ರ ಹಿಂದಿ ಸಿನಿಮಾ 'ನಾಗಿನ್' ನೆನಪಾಗುತ್ತೆ. ಮೆರವಣಿಗೆಯಲ್ಲಿ ಬ್ಯಾಂಡ್‌ನವರು ಅದರ ಪುಂಗಿ ಧಾಟಿ ಎತ್ತಿದರೆ ಸಾಕು, ಯಾರಾದರೊಬ್ಬರು ಕರ್ಚೀಫನ್ನು ಬಾಯಿಗೆ ಕಚ್ಚಿಕೊಂಡು ಪುಂಗಿ ಊದೋಕೆ ಶುರು, ಇನ್ನೊಬ್ಬರು ಹಾವಾಗಿ ನೆಲದ ಮೇಲೆ. ಆದರೆ ಸಿನಿಮಾದ ಆ ಪುಂಗಿ ಪುಂಗಿಯೇ ಅಲ್ಲ ಕಣ್ರೀ. ಸಂಗೀತ ಹೇಮಂತ್ ಕುಮಾರ್ ಅವರದು. ಕಲ್ಯಾಣ್‌ಜೀ ಕ್ಲಾವಿಯೋಲಿನ್ ನುಡಿಸಿದರು, ಜೊತೆಗೆ ರವಿ ಹಾರ್ಮೋನಿಯಂ. ಇಬ್ಬರೂ ಮುಂದೆ ತಾವೇ ದೊಡ್ಡ ಸಂಗೀತ ನಿರ್ದೇಶಕರಾದರು. ಕ್ಲಾವಿಯೋಲಿನ್ ಅಂದರೆ ವಾಲ್ವ್ ರೇಡಿಯೋ ಕಾಲದ ಸಣ್ಣ ವಿದ್ಯುತ್ ಕೀಬೋರ್ಡು. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸೋದು. ಅದರ ಜೊತೆ ಇನ್ನೊಂದು ನಾದ ಬೆರೆಸಬೇಕಾದರೆ ಇನ್ನೊಬ್ಬ ಮನುಷ್ಯನೇ ಬೇಕು. ಈಗ ಅದಕ್ಕೊಂದು ಗುಂಡಿ. ಆ ಗುಂಡಿಗೂ ಕಂಪನಿಗೊಂದು ಹೆಸರು ನೋಡಿ. ಯಮಹಾದವರು ಡ್ಯುಯಲ್ ಅಂದರೆ ಕ್ಯಾಸಿಯೋದವರು ಲೇಯರ್ ಅಂತಾರೆ, ಕಾರ್ಗ್‌ನವರು ನಾಕಾರು ನಾದ ಸೇರಿಸಿದ್ದಕ್ಕೆ ಕಾಂಬಿ ಅಂತಾರೆ. ನಮ್ಮಲ್ಲಿ ಒಂದೇ ತಿಂಡಿಗೆ ಉಪ್ಪಿಟ್ಟು, ಖಾರಾಬಾತು ಅಂತ ಎರಡು ಹೆಸರಿಲ್ವಾ, ಹಾಗೆ.

ಮೊದಮೊದಲು ಈ ಸುಖ ಸುಮ್ಮನೆ ಸಿಗ್ತಿರಲಿಲ್ಲ. 1981ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಜುಪಿಟರ್-8 ಸಿಂಥಸೈಜರಿನಲ್ಲಿ ಒಟ್ಟಿಗೆ ಹೊರಡ್ತಿದ್ದದ್ದೇ 8 ಸ್ವರ. ಎರಡು ನಾದ ಬೆರೆಸಿದರೆ ಕೈಗೆ ಉಳಿಯೋದು 4. 1987ರ ಅವರದೇ ಡಿ-50ಯಲ್ಲಿ 16 ಇದ್ದದ್ದು 8 ಆಗೋದು. ಮದುವೆ ಮನೆಯಲ್ಲಿ 16 ಜನ ಬಡಿಸೋವರಿದ್ದು, ಪ್ರತಿ ಎಲೆಗೆ ಇಬ್ಬಿಬ್ಬರು ನಿಂತರೆ ಏನಾಗುತ್ತೆ ಹೇಳಿ? ಒಂಬತ್ತನೇ ಎಲೆ ಹಾಕಿದ ಕೂಡಲೇ ಮೊದಲ ಎಲೆಯವನು ಇನ್ನೂ ಪಾಯಸ ಸುರೀತಿರುವಾಗಲೇ ಎಲೆ ಎತ್ತಿಬಿಡ್ತಾರೆ. ಪೆಟ್ಟಿಗೆಯೂ ಅದನ್ನೇ ಮಾಡುತ್ತೆ, ಹಿಂದಿನ ಸ್ವರವನ್ನು ನಡುವೆಯೇ ಕಡಿದು ಹೊಸದಕ್ಕೆ ಜಾಗ ಮಾಡುತ್ತೆ. ಈಗಿನ ಪೆಟ್ಟಿಗೆಗಳಲ್ಲಿ ಬಡಿಸೋರು ಧಾರಾಳ, ಆ ಕೊರತೆ ಅಷ್ಟು ಕಾಣಲ್ಲ.

ಕೊರತೆ ಇಲ್ಲ ಅಂತ ಹುಡುಗ ಸಿಕ್ಕಿದ್ದೆಲ್ಲ ಬೆರೆಸ್ತಾನೆ, ಅದೇ ನನ್ನ ತಕರಾರು. ಪಿಯಾನೋ, ಸ್ಟ್ರಿಂಗ್ಸು, ಎರಡೂ ಒಂದೇ ಸಮ ಜೋರು. ಪಿಯಾನೋ ಒತ್ತಿದ ಕೂಡಲೇ ಠಣ್ ಅನ್ನುತ್ತೆ, ಸ್ಟ್ರಿಂಗ್ಸು ಆಕಳಿಸಿಕೊಂಡು ನಿಧಾನ ಏಳುತ್ತೆ. ಎರಡಕ್ಕೂ ಒಂದೇ ವಾಲ್ಯೂಮ್ ಕೊಟ್ಟರೆ ಪಿಯಾನೋ ಅಂದದ್ದನ್ನು ಸ್ಟ್ರಿಂಗ್ಸು ಬಂದು ಮುಚ್ಚಿಹಾಕುತ್ತೆ. "ಒಂದನ್ನ ಇಳಿಸೋ ಮರಿ, ಎಷ್ಟು ಅಂದ್ರೆ, ಇರೋದು ಕೇಳಿಸಬಾರದು, ತೆಗೆದ್ರೆ ಮಾತ್ರ ಬಿಕೋ ಅನ್ನಬೇಕು. ಒಗ್ಗರಣೆಗೆ ಇಂಗು ಹಾಕಲ್ವಾ, ಹಾಗೆ" ಅಂದೆ. ಇಳಿಸಿದ. ಕೇಳಿ ತಾನೇ ಸುಮ್ಮನಾದ.

ಇನ್ನೊಂದು ವಿಚಿತ್ರ ಇದೆ. ಬೇರೆ ಬೇರೆ ಸಾಕಾಯ್ತು ಅಂತ ಹುಡುಗ ಒಂದಿನ ಒಂದೇ ಥರದ ಎರಡು ಪಿಯಾನೋ ಬೆರೆಸಿದ, ದಪ್ಪ ಆಗಲಿ ಅಂತ. ಆದದ್ದು ತಿರುಗಾಮುರುಗಾ. ತಗಡಿನ ಡಬ್ಬದೊಳಗೆ ಕೂತು ನುಡಿಸಿದ ಹಾಗೆ ಟೊಳ್ಳು. ಎರಡರ ಅಲೆಗಳೂ ಒಂದರ ಕಾಲು ಇನ್ನೊಂದು ಎಳೆದು ಅಲ್ಲಲ್ಲಿ ಅಳಿಸಿಹಾಕುತ್ತವಂತೆ. ಒಂದನ್ನು ಶ್ರುತಿಯಲ್ಲಿ ಕೂದಲೆಳೆಯಷ್ಟು ಸರಿಸಿದರೆ ಆ ಟೊಳ್ಳು ನಿಂತ ಕಡೆ ನಿಲ್ಲದೆ ಅಲ್ಲಾಡುತ್ತೆ, ಆಗ ಕಿವಿಗೆ ತುಂಬಿದ ಹಾಗಾಗುತ್ತೆ. ವಾಲಗದಲ್ಲಿ ಎರಡು ನಾಗಸ್ವರ ಇರುತ್ತಲ್ಲ, ಎಷ್ಟೇ ಕೂಡಿಸಿದರೂ ಎರಡೂ ಪೂರ್ತಿ ಒಂದೇ ಆಗಲ್ಲ. ಆ ಚೂರು ಜಗಳದಿಂದಲೇ ಮಂಟಪ ತುಂಬೋದು.

ಈಗ ಗೋಡೆ ವಿಷಯ. ನಮ್ಮ ಕಡೆ ಹಾರ್ಮೋನಿಯಂ ಪಟ್ಟಿಗೆ ಮನೆ ಅನ್ನೋದು ರೂಢಿ. ಒಂದನೇ ಮನೆ, ಎರಡೂವರೆ ಮನೆ, ಐದೂವರೆ ಮನೆ. ಅರ್ಧ ಅಂದರೆ ಕಪ್ಪು. ಆ ಲೆಕ್ಕದಲ್ಲಿ ಹುಡುಗನ ಕೀಬೋರ್ಡು 61 ಮನೆಯ ಬಡಾವಣೆ. ಸ್ಪ್ಲಿಟ್ ಮಾಡೋದು ಅಂದರೆ ಅದರ ಮಧ್ಯೆ ಒಂದು ಕಾಂಪೌಂಡ್ ಎಬ್ಬಿಸೋದು. ಹುಡುಗನದು ಯಮಹಾದ ಪಿಎಸ್‌ಆರ್-ಇ ಸರಣಿಯದು, ಅದರಲ್ಲಿ ಕಂಪನಿಯವರೇ ಎಬ್ಬಿಸಿ ಕಳಿಸೋ ಗೋಡೆ 54ನೇ ನಂಬರಿನ ಎಫ್ ಶಾರ್ಪ್, ಅಂದರೆ ನಮ್ಮ ನಾಲ್ಕೂವರೆ ಮನೆ. ಬೇಕಾದರೆ ಸರಿಸಿಕೊಳ್ಳಬಹುದು, ಯಾರು ಸರಿಸ್ತಾರೆ?

ನಂಬರಿನದ್ದೂ ಒಂದು ಕಥೆ. ಮಧ್ಯದ ಒಂದನೇ ಮನೆಯನ್ನು ಯಮಹಾ ಸಿ3 ಅನ್ನುತ್ತೆ, ರೋಲ್ಯಾಂಡ್ ಸಿ4 ಅನ್ನುತ್ತೆ. ಮನೆ ಅದೇ, ಬಾಗಿಲ ಮೇಲೆ ಹಳೇ ನಂಬರ್, ಹೊಸ ನಂಬರ್ ಎರಡೂ ಬರೆದಿರ್ತಾರಲ್ಲ, ಹಾಗೆ. ಪುಣ್ಯಕ್ಕೆ ಮಿಡಿ ಅನ್ನೋ ಲೆಕ್ಕದಲ್ಲಿ ಎಲ್ಲರಿಗೂ ಅದು 60. ಖಾತಾ ನಂಬರ್ ಅಂದುಕೊಳ್ಳಿ. ರೋಲ್ಯಾಂಡ್ ನುಡಿಸೋ ಆರ್ಕೆಸ್ಟ್ರಾದವನೊಬ್ಬ ಫೋನಿನಲ್ಲಿ "ಸಿ4ಗೆ ಸ್ಪ್ಲಿಟ್ ಇಡು" ಅಂದದ್ದನ್ನು ಕೇಳಿಕೊಂಡು ನಮ್ಮ ಹುಡುಗ ಪೂರ್ತಿ ಒಂದು ಸ್ಥಾಯಿ ಆಚೆ ಗೋಡೆ ಕಟ್ಟಿ ಕೂತಿದ್ದೂ ಉಂಟು.

ಹುಡುಗ ಆರ್ಕೆಸ್ಟ್ರಾ ಜೊತೆ ಗಣೇಶನ ಪೆಂಡಾಲಿನಲ್ಲಿ ನುಡಿಸಿದಾಗ ಆದದ್ದು ಮಾತ್ರ ಗೋಡೆಯ ತಪ್ಪಲ್ಲ. ಎಡಗೈಗೆ ಬಾಸ್ ಗಿಟಾರು, ಬಲಗೈಗೆ ಕೊಳಲು ಇಟ್ಟುಕೊಂಡಿದ್ದ. ಒಂದನೇ ಮನೆಗೆ ಸಾ ಹಿಡಿದು ಅಭ್ಯಾಸ. ಹಾಡು ಕೆಳಗೆ ಮಂದ್ರದ ಪಂಚಮಕ್ಕೆ ಇಳಿದರೆ ಅದು ಐದನೇ ಮನೆ. ಗೋಡೆಗೆ ಭುಜ ತಾಗುವಷ್ಟು ಹತ್ತಿರ, ಆದರೂ ಕೊಳಲಿನ ಕಡೆಯೇ. ಹಾಡೋಳಿಗೆ ಅವತ್ತು ಗಂಟಲು ಕಟ್ಟಿತ್ತು. "ಒಂದು ಸ್ವರ ಇಳಿಸಣ್ಣ" ಅಂದಳು. ಟ್ರಾನ್ಸ್‌ಪೋಸ್ ಗುಂಡಿ ಒತ್ತಿದ್ದರೆ ಬೆರಳು ಇದ್ದಲ್ಲೇ ಇದ್ದು ಶ್ರುತಿ ಮಾತ್ರ ಇಳೀತಿತ್ತು. ಆದರೆ ಗುಂಡಿ ಒತ್ತೋರನ್ನು ಆರ್ಕೆಸ್ಟ್ರಾದವರು ಆಡಿಕೊಳ್ತಾರಲ್ಲ, ಇವನಿಗೆ ಜಂಬ. ಕೈಯನ್ನೇ ಇಳಿಸಿ ಆರೂವರೆ ಮನೆಗೆ ಸಾ ಹಿಡಿದ. ಪಂಚಮ ಹೋಗಿ ನಾಲ್ಕನೇ ಮನೆಯಲ್ಲಿ ಬಿತ್ತು, ಗೋಡೆಯಿಂದಾಚೆ. ದೇವರನಾಮ, ಜನ ಕಣ್ಣು ಮುಚ್ಚಿ ಕೂತಿದ್ದಾರೆ, ಕೊಳಲು ನಯವಾಗಿ ಇಳಿದು ಇಳಿದು ಕೊನೆಯ ಸ್ವರಕ್ಕೆ ಬಂದರೆ "ಡುಂ"! ನಮ್ಮ ಬೀದಿ ಮೂಲೆಯ ಎಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ. ಮುಂದಿನ ಸಾಲಿನ ಅಜ್ಜ ಕಣ್ಣು ಬಿಟ್ಟು ಗಣೇಶನನ್ನೇ ನೋಡಿದರು. ಚರಣಕ್ಕೊಂದು ಡುಂ, ಒಟ್ಟು ಮೂರು ಚರಣ.

ಮಾರನೇ ದಿನ ಕಾಂಪೌಂಡ್ ಹತ್ತಿರ ಮುಖ ಊದಿಸಿಕೊಂಡು ಕೂತಿದ್ದ. ನಮ್ಮ ಸೀಬೆ ಮರದ ಕೊಂಬೆ ಅವರ ಕಡೆ ಚಾಚಿದೆ, ಅವರ ಕರಿಬೇವು ನಮ್ಮ ಕಡೆ. ಅದನ್ನೇ ತೋರಿಸಿ, "ನಿನ್ನ ಪೆಟ್ಟಿಗೇಲಿ ಹೀಗೆ ಆಗಲ್ವೇನೋ? ನಾಲ್ಕೈದು ಮನೆ ಇಬ್ಬರಿಗೂ ಸೇರಿದ್ದು ಅಂತ?" ಅಂದೆ. ಪ್ರತಿ ನಾದಕ್ಕೂ ಇಲ್ಲಿಂದ ಇಲ್ಲಿವರೆಗೆ ಅಂತ ಬೇರೆ ಬೇರೆ ಹದ್ದು ಹಾಕೋ ಸಿಂಥಸೈಜರುಗಳಲ್ಲಿ ಆಗುತ್ತಂತೆ. ನಡುವಿನ ಮನೆಗಳಲ್ಲಿ ಎರಡೂ ಮೊಳಗುತ್ತವಂತೆ, ಅಷ್ಟು ಮಟ್ಟಿಗೆ ಸ್ಪ್ಲಿಟ್ಟೇ ಲೇಯರು. ಅವರಮ್ಮ ಕೇಳಿದ್ದಳಲ್ಲ, ಖಾರಾಬಾತು ಕೇಸರಿಬಾತು ತಾಗೋ ಜಾಗ, ಅದು ಇದೇ. ನನಗೆ ತಟ್ಟೆಯಲ್ಲಿ ಆ ಜಾಗವೇ ಇಷ್ಟ. ನಮ್ಮನೆಯವರು ಮಾತ್ರ ಮಧ್ಯೆ ಚಮಚದಲ್ಲಿ ಗೆರೆ ಎಳೆದುಕೊಂಡು ತಿಂತಾರೆ.

ಹುಡುಗನದು ಅಂಥ ಪೆಟ್ಟಿಗೆ ಅಲ್ವಲ್ಲ, ಇವನಿಗೆ ಒಂದೇ ಗೋಡೆ. ಅದಕ್ಕೆ ಉಪಾಯ ಮಾಡಿದ. ಗೋಡೆ ಇರೋ ಮನೆಗೆ ಅವರಮ್ಮನ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡ, ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ. ಒಂದು ಹಾಡಿಗೆ ಕೆಂಪು ಬೊಟ್ಟು, ಗೋಡೆ ಕೆಳಕ್ಕೆ ಸರಿಸಿದ ಇನ್ನೊಂದಕ್ಕೆ ಮರೂನ್, ಹೊಳೆಯೋ ಕಲ್ಲಿನದು ಭಾವಗೀತೆಗೆ. ಮೊನ್ನೆ ಎಣಿಸಿದೆ, ಏಳಾಗಿವೆ. ಅವರಮ್ಮನ ಪ್ಯಾಕೆಟ್ ಖಾಲಿ. ಪಾಪ, ಈಗ ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ಕುಂಕುಮವನ್ನೇ ಇಟ್ಟುಕೊಳ್ತಿದ್ದಾಳೆ.