ಟ್ಯಾಗ್ ಮುತ್ಯಾ

(ಕಲಬುರಗಿ ಬಸ್ ಸ್ಟ್ಯಾಂಡ್ ಎದುರು ಚಹಾದಂಗಡಿ. ಕಮಲಾಪುರದ ಮುತ್ಯಾ ಕೆಂಬಾಳೆ ಬುಟ್ಟಿ ಇಳಿಸ್ಯಾನ. ಸಾಹೇಬರು ಗ್ರಾಮೀಣ ಬಡತನದ ಕಾರ್ಯಾಗಾರ ಮುಗಿಸಿ, ಹೊಟ್ಟಿ ಸವರಿಕೊಳ್ಳುತ್ತಾ ಬಂದಾರ.)

ಸಾಹೇಬ: ಮುತ್ಯಾ, ನಿಮ್ಮ ಬಾಳೆಹಣ್ಣಿಗೆ ಜಿಐ ಟ್ಯಾಗ್ ಅದ, ಗೊತ್ತೇನು?

ಮುತ್ಯಾ: ನಮ್ಮ ಎತ್ತಿನ ಕಿವ್ಯಾಗೂ ಅದರಿ. ಮೇವು ಮಾತ್ರ ನಾವೇ ಹಾಕಬೇಕು.

ಸಾಹೇಬ: ಇದು ಬ್ಯಾರೆ! 2019ರಾಗ ಕಲಬುರಗಿ ತೊಗರಿಬ್ಯಾಳಿಗೂ ಸಿಕ್ತು.

ಮುತ್ಯಾ: ಅದಕ್ಕ ದಾಲ್ ಮಿಲ್ಲಿನವರು ಪೇಢೆ ಹಂಚಿದ್ರು ಅನ್ರಿ! ನಾ ಅವರ ಮನ್ಯಾಗ ಲಗ್ನ ಅಂದ್ಕೊಂಡಿದ್ದೆ.

ಸಾಹೇಬ: ಅದೇ ವರ್ಷ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು.

ಮುತ್ಯಾ: ಹೌದ್ರಿ, ಕಲ್ಯಾಣ ಆಯ್ತು. ಊಟದ ಪಂಕ್ತಿಗೆ ಕಾಯ್ದು ಕಾಯ್ದು ಮಗ ಪುಣೆಗೆ ಗುಳೆ ಹೋದ.

ಸಾಹೇಬ: ನಮ್ಮ ಭಾಗಕ್ಕ ಸಂವಿಧಾನದ 371(ಜೆ) ಕಲಂ ಅದ, ಅಭಿವೃದ್ಧಿ ಮಂಡಳಿ ಅದ, ಇನ್ನೇನು ಬೇಕು?

ಮುತ್ಯಾ: ಏನೂ ಬ್ಯಾಡ್ರಿ. ಇವತ್ತು ಬಡತನಕ್ಕ ಏನು ಮಾಡಿದ್ರಿ?

ಸಾಹೇಬ: ಊಟ. ಆಮ್ಯಾಲೆ ಚರ್ಚೆ. ಹಣ್ಣೂ ಇಟ್ಟಿದ್ರು, ವಿದೇಶಿ ಸೇಬು.

ಮುತ್ಯಾ: ಕೆಂಪ ಇದ್ವೇನ್ರಿ?

ಸಾಹೇಬ: ಕೆಂಪಗೇ!

ಮುತ್ಯಾ: ಸಾಕ್ರಿ, ಬಣ್ಣರೆ ನಮ್ದು ಬಂತು.

ಸಾಹೇಬ: (ಹಣ್ಣು ಒತ್ತಿ ನೋಡುತ್ತಾ) ಡಜನ್ ಎಷ್ಟು? ಅಬ್ಬಾ, ಭಾಳ ತುಟ್ಟಿ! ಒಂದೀಟು ಕಮ್ಮಿ ಮಾಡು.

ಮುತ್ಯಾ: ಟ್ಯಾಗ್ ತಗದು ಕೊಡ್ಲೇನ್ರಿ?