ಧ್ರುವದ ಮೇಲಿಂದ ಈಶ್ವರಮಂಗಲಕ್ಕೆ

ಈಶ್ವರಮಂಗಲದಲ್ಲಿ ಕೂತು ಉತ್ತರ ಧ್ರುವದ ಸುದ್ದಿ ಮಾತಾಡಿದರೆ ಅಧಿಕಪ್ರಸಂಗ ಎಂದಾರು. ಆದರೆ ಮಕ್ಕಳು ಅಮೆರಿಕದಲ್ಲಿರುವ ಮನೆಗಳು ನಮ್ಮಲ್ಲೂ ಇವೆಯಲ್ಲ, ಅವರಿಗೆ ಧ್ರುವವೆಂದರೆ ಊರಿಗೆ ಬರುವ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಬಂದಿಳಿದರು. ಸುಮಾರು ಹದಿನೇಳು ಗಂಟೆಯ ಹಾರಾಟ.

“ಮೂಡುವೂ ಅಲ್ಲ, ಪಡುವೂ ಅಲ್ಲ, ನೆತ್ತಿ ಮೇಲೆ ಯಾಕೆ ಹೋಗಬೇಕು?” ಎಂದರು ಅತ್ತೆ. ಅವರ ಮಗ, ಅಂದರೆ ನಮ್ಮ ಭಾವ, ಇರುವುದು ಅದೇ ಸ್ಯಾನ್ ಫ್ರಾನ್ಸಿಸ್ಕೊದ ಕಡೆ. ಚಕ್ಕೋತದ ಹಣ್ಣಿಗೆ ನೂಲು ಬಿಗಿದು ತೋರಿಸಿದೆ. ಎರಡು ಊರುಗಳ ನಡುವೆ ರೇಖಾಂಶದಲ್ಲಿ ಸುಮಾರು 160 ಡಿಗ್ರಿ ಅಂತರ. ಹೆಚ್ಚುಕಡಿಮೆ ಹಣ್ಣಿನ ಆಚೆ ಮಗ್ಗುಲು. ನೂಲನ್ನು ಎಳೆದಷ್ಟೂ ಅದು ತೊಟ್ಟಿನ ಕಡೆಗೇ ಜಾರುತ್ತದೆ. ಹಾಗೆ ಅಳೆದರೆ 14,000 ಕಿಲೋಮೀಟರ್. ಅತ್ತೆ ನೂಲು ಬಿಚ್ಚಿಟ್ಟು ಹಣ್ಣು ಸುಲಿದರು.

ಧ್ರುವದ ಹತ್ತಿರ ನಮ್ಮವರು ಇಳಿಯುವುದೂ ಉಂಟು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ನೀ-ಓಲೆಸುಂಡ್ ಎಂಬಲ್ಲಿ, 2008ರಿಂದ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿದೆ. ಲಾಂಗ್‌ಯರ್‌ಬೀನ್‌ವರೆಗೆ ದೊಡ್ಡ ವಿಮಾನ, ಮುಂದೆ ಪುಟ್ಟ ಡಾರ್ನಿಯರ್. ಸುಮಾರು 110 ಕಿಲೋಮೀಟರ್, ಅರ್ಧ ಗಂಟೆಯೂ ಬೇಡ. ಹಾಗೆಂದು ಅದನ್ನು ಹತ್ತಿರ ಅನ್ನುವುದು ಹೇಗೆ? ನಡುವೆ ರಸ್ತೆಯೇ ಇಲ್ಲ. ಮಂಜು ಕವಿದರೆ ವಿಜ್ಞಾನಿಯೂ ಚೀಲ ಹಿಡಿದು ಕೂರಬೇಕು. ತಲುಪಿದ ಮೇಲೆ ಫೋನು ಒತ್ತುವಂತೆಯೂ ಇಲ್ಲ. ಅಲ್ಲಿನ ರೇಡಿಯೊ ದೂರದರ್ಶಕಕ್ಕೆ ಉಪದ್ರ ಆಗುತ್ತದೆಂದು ವೈಫೈ, ಬ್ಲೂಟೂತ್ ಎಲ್ಲ ಬಂದ್. ಗಾಳಿಮುಖದ ಗಡಿಯಲ್ಲಿ ಕೇರಳದ ಟವರಿಗೂ ಕರ್ನಾಟಕದ ಟವರಿಗೂ ನಡುವೆ ಪರದಾಡುವ ನಮ್ಮ ಫೋನುಗಳಿಗೆ ಅದೇನೂ ಹೊಸ ಊರಾಗಲಾರದು.

ಕಷ್ಟ ಶುರುವಾಗುವುದು ಧ್ರುವ ದಾಟಿ ಬೆಂಗಳೂರಿಗೆ ಬಂದ ಮೇಲೆ. ಅದರಲ್ಲೂ ಆಟಿ ತಿಂಗಳಾದರೆ. ಮಂಗಳೂರಿಗೆ ಆಕಾಶದಲ್ಲಿ ಮುನ್ನೂರು ಕಿಲೋಮೀಟರ್, ಸುಮಾರು ಒಂದು ಗಂಟೆ. ಆದರೆ ಕೆಂಜಾರಿನ ಗುಡ್ಡದ ನೆತ್ತಿಯ ರನ್‌ವೇಗೆ ಮೋಡ ಮುಚ್ಚಿದರೆ, ವಿಮಾನ ಮೇಲೆಯೇ ಸುತ್ತು ಹಾಕಿ ಬೆಂಗಳೂರಿಗೆ ವಾಪಸಾಗುವುದೂ ಉಂಟು. ಊರು ಕಂಡೂ ಕಾಣದ ಹಾಗೆ! ಸರಿ, ಬಸ್ಸೇ ಗತಿ ಎಂದರೆ ಶಿರಾಡಿಯಲ್ಲಿ ಗುಡ್ಡ ಜರಿದಿರುತ್ತದೆ. ಚಾರ್ಮಾಡಿ ಸುತ್ತಿ ಬರೋಣ ಎಂದರೆ ಅಲ್ಲೂ ಮರ ಬಿದ್ದ ಸುದ್ದಿ. ಪುತ್ತೂರು ಮುಟ್ಟಿದ ಮೇಲೂ ಕುಂಬ್ರ, ಕಾವು ದಾಟಿ ಈ ಕಡೆಗೆ ತಿರುಗುವ ಬಸ್ಸಿಗೆ ಕಾಯುವುದು ಇದ್ದೇ ಇದೆ. ನನ್ನ ಲೆಕ್ಕದಲ್ಲಿ ಆ ಕಾಯುವಿಕೆಯನ್ನೂ ದೂರಕ್ಕೇ ಸೇರಿಸಬೇಕು.

ಅತ್ತೆಗೆ ಕಿಲೋಮೀಟರ್ ಬೇಡ. ಹಲಸಿನ ಹಣ್ಣಿನ ಕೊಟ್ಟಿಗೆಯ ಹಿಟ್ಟು ಬಾಳೆಲೆಯಲ್ಲಿ ಮಡಚಿ ರೆಡಿ ಇದೆ. ಒಲೆ ಮೇಲೆ ಇಡುವುದು ಯಾವಾಗ ಎಂಬುದಷ್ಟೇ ಅವರ ಪ್ರಶ್ನೆ. ಭಾವ ಬೆಂಗಳೂರಲ್ಲಿ ಇಳಿದೆ ಅಂದಾಗ ಅವರು ಕೂತಲ್ಲಿಂದ ಏಳಲಿಲ್ಲ. ಸಕಲೇಶಪುರ ಅಂದಾಗಲೂ ಇಲ್ಲ.

“ಉಪ್ಪಿನಂಗಡಿ ದಾಟಿತು,” ಎಂದು ಫೋನು ಬಂದಾಗ ಕೇಳಿದರು: “ಸೌದೆ ಒಣಗಿದ್ದು ಉಂಟಾ?”